ಕೊತ್ತಂಬರಿ, ಗುಲಾಬಿ, ಐಪಿಎ

ಬೇಗಂ ಬಜಾರಿಗೆ ಯಾರೂ ಬಿಯರಿಗಾಗಿ ಹೋಗುವುದಿಲ್ಲ. ಮದುವೆಮನೆಯ ಹಂಡೆ, ಕೊಪ್ಪರಿಗೆ ಬೇಕಾದವರು ಹೋಗುತ್ತಾರೆ. ರಂಜಾನ್ ಹತ್ತಿರ ಬಂದಾಗ ಖರ್ಜೂರಕ್ಕೆ, ದೀಪಾವಳಿ ಹತ್ತಿರ ಬಂದಾಗ ಬಾದಾಮಿ, ಗೋಡಂಬಿಗೆ, ಉಳಿದ ದಿನಗಳಲ್ಲಿ ಕಿರಾಣಿ ಅಂಗಡಿಗೆ ತುಂಬುವ ಜೀರಿಗೆ, ಮೆಣಸು, ಏಲಕ್ಕಿಗೆ ಹೋಗುತ್ತಾರೆ. ಬೀದರ್, ಹುಮನಾಬಾದ್, ಕಲಬುರಗಿ ಕಡೆಯ ವರ್ತಕರಿಗೆ ಈ ಪೇಟೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಅವರಿಗೆ ಹೈದರಾಬಾದೇ ರಾಜಧಾನಿ. 1956ರಲ್ಲಿ ರಾಜ್ಯದ ಗಡಿ ಬೇರೆಯಾಯಿತು, ಖರೀದಿಯ ದಾರಿ ಅಷ್ಟು ಬೇಗ ಬೇರೆಯಾಗಲಿಲ್ಲ. ಮೂಸಿ ನದಿಯ ಉತ್ತರ ದಂಡೆಯ ಈ ಜಾಗವನ್ನು ಎರಡನೆಯ ಆಸಫ್ ಜಾ, ಅಂದರೆ ನಿಜಾಮ್ ಅಲಿ ಖಾನನ ಮಡದಿ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟಳೆಂದು ಊರಿನವರು ಹೇಳುತ್ತಾರೆ. ಪೇಟೆಯ ಹೆಸರಿನಲ್ಲಿರುವ ಬೇಗಂ ಅವಳೇ.

ಇತ್ತ ಜುಬಿಲಿ ಹಿಲ್ಸ್ ಕಡೆ ಬೇರೆಯದೇ ಪೇಟೆ ಎದ್ದಿದೆ. ತೆಲಂಗಾಣ ಸರ್ಕಾರ 2015ರಲ್ಲಿ ಮೈಕ್ರೋಬ್ರೂವರಿಗಳಿಗೆ ನಿಯಮ ಮಾಡಿದ ಮೇಲೆ ಪ್ರಾಸ್ಟ್, ಝೀರೋ40 ಮುಂತಾದ ಬ್ರೂಪಬ್ಬುಗಳು ಅಲ್ಲಿ ಬಂದವು. ಗಾಜಿನ ಗೋಡೆಯಾಚೆ ಸ್ಟೀಲಿನ ದೊಡ್ಡ ತೊಟ್ಟಿಗಳು, ಈಚೆ ಮೇಜುಗಳು, ಟ್ಯಾಪಿನಿಂದ ನೇರ ಗ್ಲಾಸಿಗೆ ಇಳಿಯುವ ಬಿಯರು. ಇಂಥ ಜಾಗದಲ್ಲಿ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ತರಿಸಿಕೊಂಡವರಿಗೆ ಮೆನು ಕಾರ್ಡು ಒಂದು ವರ್ಣನೆ ಕೊಡುತ್ತದೆ: ಗ್ರೇಪ್‌ಫ್ರೂಟ್, ಪೈನ್, ಪ್ಯಾಶನ್ ಫ್ರೂಟ್, ಲಿಚಿ. ಪೈನ್ ಕಾಡು ಕಾಣದೆ ಬೆಳೆದವರು ಅದನ್ನು ಓದಿ ತಲೆಯಾಡಿಸಿ ಒಂದು ಗುಟುಕು ಕುಡಿಯುತ್ತಾರೆ. ಕಹಿ ಎನ್ನುವುದೊಂದು ಬಿಟ್ಟು ಬೇರೇನೂ ಸಿಗುವುದಿಲ್ಲ. ಮುಂದಿನ ಸಲ ವೀಟ್ ಬಿಯರ್ ತರಿಸಿಕೊಳ್ಳುತ್ತಾರೆ.

ಐಪಿಎಗಳನ್ನು ಒಂದಕ್ಕೊಂದು ಹೋಲಿಸಿ ಸವಿಯಬೇಕು ಎನ್ನುವವರು ಜುಬಿಲಿ ಹಿಲ್ಸಿಗೆ ಹೋಗುವ ಮೊದಲು ಒಂದು ಬೆಳಿಗ್ಗೆ ಬೇಗಂ ಬಜಾರಿನ ಮಸಾಲೆ ಅಂಗಡಿಗಳ ಸಾಲಿನಲ್ಲಿ ನಿಧಾನ ಓಡಾಡಲಿ ಎಂಬುದು ನನ್ನ ಸಲಹೆ. ಇದು ತಮಾಷೆಗೆ ಹೇಳುವ ಮಾತಲ್ಲ. ಹಾಪ್ಸ್ ಹೂವಿನಲ್ಲಿರುವ ಸುವಾಸನೆಯ ಎಣ್ಣೆಗಳಲ್ಲಿ ಹಲವು ಇಲ್ಲಿನ ಗೋಣಿಚೀಲಗಳಲ್ಲೂ ಇವೆ. ಎರಡೂ ಕಡೆ ಇರುವುದು ಅದೇ ರಾಸಾಯನಿಕ. ಬಿಯರ್ ಮುಟ್ಟದವರೂ ಅರ್ಧ ಪಾಠವನ್ನು ಇಲ್ಲೇ, ಬರೀ ಮೂಗಿನಿಂದ ಕಲಿಯಬಹುದು.

ಮೊದಲು ಹಾಪ್ಸ್ ಏನೆಂದು ನೋಡೋಣ. ಬಿಯರಿಗೆ ಬೇಕಾದ್ದು ನಾಲ್ಕು ವಸ್ತು: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಯೀಸ್ಟ್, ಮತ್ತು ಹಾಪ್ಸ್. ಹಾಪ್ಸ್ ಒಂದು ಬಳ್ಳಿ. ಹಗ್ಗ ಕಟ್ಟಿದರೆ ಐದಾರು ಮೀಟರ್ ಹಬ್ಬುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಭಂಗಿ ಗಿಡದ ದಾಯಾದಿ. ಆದರೆ ಭಂಗಿಯ ಮತ್ತು ಇದರಲ್ಲಿಲ್ಲ. ಬೇಸಿಗೆಯ ಹಗಲು ಉದ್ದವಾಗಿರುವ ಸೀಮೆಗಳಲ್ಲೇ ಅದು ಚೆನ್ನಾಗಿ ಹೂಬಿಡುವುದು. ಜರ್ಮನಿಯ ಹಾಲರ್‌ಟಾವ್, ಇಂಗ್ಲೆಂಡಿನ ಕೆಂಟ್, ಅಮೆರಿಕದ ಯಾಕಿಮಾ ಕಣಿವೆ ಇದರ ದೊಡ್ಡ ತವರುಗಳು. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಹೆಣ್ಣು ಬಳ್ಳಿಯ ಹೂಗೊಂಚಲನ್ನು ಬಿಡಿಸಿದರೆ ದಳಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ, ಬೆರಳಿಗೆ ಅಂಟುತ್ತದೆ. ಲುಪುಲಿನ್ ಎಂಬ ಈ ಪುಡಿಯೇ ಎಲ್ಲಕ್ಕೂ ಮೂಲ. ಕಹಿ ಕೊಡುವ ಆಲ್ಫಾ ಆಮ್ಲ ಅದರಲ್ಲಿದೆ, ಘಮ ಕೊಡುವ ಎಣ್ಣೆಯೂ ಅದರಲ್ಲಿದೆ.

ಈ ಎರಡರ ಸ್ವಭಾವ ಮಾತ್ರ ಪೂರ್ತಿ ಬೇರೆ. ಆಲ್ಫಾ ಆಮ್ಲ ಕುದಿಯದೆ ಕಹಿಯಾಗುವುದಿಲ್ಲ. ಮಾಲ್ಟಿನ ಸಿಹಿನೀರಿನಲ್ಲಿ ಒಂದು ಗಂಟೆ ಕುದ್ದರೆ ಅದು ರೂಪ ಬದಲಿಸಿ ಬಿಯರಿನಲ್ಲಿ ಕರಗುತ್ತದೆ. ಎಣ್ಣೆಯೋ, ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಹಾಗಾಗಿ ಬ್ರೂವರ್ ಹಾಪ್ಸನ್ನು ಕಂತಿನಲ್ಲಿ ಹಾಕುತ್ತಾನೆ. ಕುದಿ ಶುರುವಾದಾಗ ಹಾಕಿದ್ದು ಕಹಿಗೆ, ಕುದಿ ಇಳಿಸಿದ ಮೇಲೆ ಹಾಕಿದ್ದು ರುಚಿಗೆ, ಹುದುಗೆದ್ದ ತಣ್ಣನೆಯ ಬಿಯರಿಗೆ ಹಾಕಿದ್ದು ಘಮಕ್ಕೆ. ಕೊನೆಯದನ್ನು ಡ್ರೈ ಹಾಪಿಂಗ್ ಎನ್ನುತ್ತಾರೆ. ಹೈದರಾಬಾದಿನ ಅಡುಗೆಯವರಿಗೆ ಈ ಲೆಕ್ಕ ಹೊಸದಾಗಿ ಹೇಳಿಕೊಡಬೇಕಿಲ್ಲ. ನಹಾರಿಗೆ ಹಾಕುವ ಪೊಟ್ಲಿ ಕಾ ಮಸಾಲಾ ಬೇಗಂ ಬಜಾರಿನಲ್ಲಿ ತೂಕಕ್ಕೆ ಸಿಗುತ್ತದೆ: ಕೊತ್ತಂಬರಿ ಬೀಜ, ಕಲ್ಲುಹೂವು, ಲಾವಂಚದ ಬೇರು, ಒಣಗಿದ ಗುಲಾಬಿ ಪಕಳೆ, ಕಬಾಬ್ ಚೀನಿ ಅಂದರೆ ನಮ್ಮ ಬಾಲಮೆಣಸು, ಕಪೂರ್ ಕಚರಿ, ಪಾನ್ ಕೀ ಜಡ್. ಎಲ್ಲವನ್ನೂ ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಹಂಡೆಯೊಳಗೆ ಇಳಿಬಿಡುತ್ತಾರೆ. ಸಾರ ಇಳಿದ ಮೇಲೆ ಗಂಟನ್ನು ಎತ್ತಿಬಿಡುತ್ತಾರೆ. ಮನೆಯಲ್ಲಿ ಬಿಯರ್ ಮಾಡುವ ವಿದೇಶಿಯರು ಹಾಪ್ಸನ್ನು ಬಟ್ಟೆಚೀಲಕ್ಕೆ ತುಂಬಿ ಪಾತ್ರೆಯೊಳಗೆ ಇಳಿಬಿಡುವುದೂ ಇದೇ ಕ್ರಮದಲ್ಲಿ. ಗಂಟು ಎಷ್ಟು ಹೊತ್ತು ಒಳಗಿರಬೇಕು ಎನ್ನುವುದರಲ್ಲೇ ಎರಡೂ ಕಡೆ ಕೈಗುಣ ಗೊತ್ತಾಗುವುದು.

ಹೆಸರಿನಲ್ಲಿ ಇಂಡಿಯಾ ಹೇಗೆ ಬಂತು ಎಂಬ ಕತೆ ಪಬ್ಬುಗಳ ಗೋಡೆಯ ಮೇಲೆಲ್ಲ ಬರೆದಿರುತ್ತದೆ, ಅರ್ಧ ತಪ್ಪಾಗಿ. ಇಂಗ್ಲೆಂಡಿನಿಂದ ಹೊರಟ ಬಿಯರು ಹಡಗಿನಲ್ಲಿ ಕೆಡುತ್ತಿತ್ತಂತೆ, ಆಗ ಜಾರ್ಜ್ ಹಾಜ್‌ಸನ್ ಎಂಬಾತ ಹೆಚ್ಚು ಹಾಪ್ಸ್ ಹಾಕಿ ಕೆಡದ ಹೊಸ ಬಿಯರು ಕಂಡುಹಿಡಿದನಂತೆ. ಬ್ರಿಟನ್ನಿನ ಬಿಯರ್ ಇತಿಹಾಸಕಾರ ಮಾರ್ಟಿನ್ ಕಾರ್ನೆಲ್ ಹಳೆಯ ದಾಖಲೆಗಳನ್ನು ಜಾಲಾಡಿ ಈ ಕತೆಯನ್ನು ಒಡೆದುಹಾಕಿದರು. ಆ ಕಾಲಕ್ಕೆ ಕಪ್ಪು ಬಣ್ಣದ ಪೋರ್ಟರ್ ಬಿಯರೂ ಹಡಗೇರಿ ಚೆನ್ನಾಗಿಯೇ ಬಂದು ಮುಟ್ಟುತ್ತಿತ್ತು. ಬಿಸಿಲು ನಾಡಿಗೆ ಕಳಿಸುವ ಬಿಯರಿಗೆ ಹಾಪ್ಸ್ ಜಾಸ್ತಿ ಹಾಕಬೇಕೆಂಬ ಬುದ್ಧಿಯೂ ಹಾಜ್‌ಸನ್ ಒಬ್ಬನದಲ್ಲ, ಆ ಕಸುಬಿನವರೆಲ್ಲರಿಗೂ ತಿಳಿದದ್ದು. ಹಾಜ್‌ಸನ್‌ಗೆ ಇದ್ದ ಅನುಕೂಲವೆಂದರೆ ಜಾಗ ಮತ್ತು ಸಾಲ. ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿದ್ದ ಅವನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಬ್ಲ್ಯಾಕ್‌ವಾಲ್‌ಗೆ ಹತ್ತಿರ. ಹಡಗಿನ ಕ್ಯಾಪ್ಟನ್ನುಗಳಿಗೆ ಅವನು ಒಂದು ವರ್ಷಕ್ಕೂ ಮೀರಿದ ಉದ್ದರಿ ಕೊಡುತ್ತಿದ್ದ. ಬೇಗಂ ಬಜಾರಿನ ಸೇಠರು ಕೇಳಿದರೆ ಇದರಲ್ಲಿ ಕಂಡುಹಿಡಿಯುವುದೇನಿದೆ ಎಂದಾರು.

ಆ ಬಿಯರು ಗುಡ್ ಹೋಪ್ ಭೂಶಿರ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕರಿಂದ ಆರು ತಿಂಗಳಲ್ಲಿ ಇಲ್ಲಿಗೆ ಬರುತ್ತಿತ್ತು. ಕೆಡುವ ಬದಲು, ಇಂಗ್ಲೆಂಡಿನ ನೆಲಮಾಳಿಗೆಯಲ್ಲಿ ಎರಡು ವರ್ಷ ಕೂರಿಸಿದರೆ ಬರುವ ಹದ ಹಡಗಿನ ಕುಲುಕಾಟ ಮತ್ತು ಸೆಕೆಯಲ್ಲಿ ಬೇಗನೆ ಬಂದುಬಿಡುತ್ತಿತ್ತು. 1820ರ ದಶಕದಲ್ಲಿ ಹಾಜ್‌ಸನ್ ಮನೆತನದವರು ಬೆಲೆ ಏರಿಸಿ ಕ್ಯಾಪ್ಟನ್ನುಗಳ ಲಾಭಕ್ಕೆ ಕೈಹಾಕಿದರು. ಕಂಪನಿಯವರು ಬರ್ಟನ್ ಊರಿನ ಸ್ಯಾಮ್ಯುಯೆಲ್ ಆಲ್ಸಾಪ್‌ನನ್ನು ಹಿಡಿದರು. ಅವನ ಕೈಕೆಳಗಿನ ಜಾಬ್ ಗುಡ್‌ಹೆಡ್ ಮೊದಲ ಮಾದರಿಯನ್ನು ಟೀ ಪಾಟಿನಲ್ಲಿ ಮಾಡಿ ತೋರಿಸಿದನಂತೆ. ಬರ್ಟನ್ ಬಾವಿಗಳ ನೀರಿನಲ್ಲಿ ಜಿಪ್ಸಂ ಹೆಚ್ಚು. ಅದರಿಂದ ಹಾಪ್ಸ್ ಕಹಿ ಚುರುಕಾಗಿ, ಶುಭ್ರವಾಗಿ ನಾಲಿಗೆಗೆ ತಾಕುತ್ತದೆ. ಆಲ್ಸಾಪ್, ಬಾಸ್ ಕಂಪನಿಗಳು ಹಾಜ್‌ಸನ್‌ನನ್ನು ಹಿಂದೆ ಹಾಕಿದ್ದು ಈ ನೀರಿನ ಬಲದಿಂದ. ಜಗತ್ತಿನ ಎಷ್ಟೋ ಬ್ರೂವರುಗಳು ಐಪಿಎ ಮಾಡುವಾಗ ಇಂದಿಗೂ ನೀರಿಗೆ ಒಂದಿಷ್ಟು ಜಿಪ್ಸಂ ಬೆರೆಸುತ್ತಾರೆ.

ಅಂದಹಾಗೆ ಇಲ್ಲಿ ಐಪಿಎ ಕುಡಿದವರು ಸಾಮಾನ್ಯ ಸೈನಿಕರಲ್ಲ. ಬ್ಯಾರಕ್ಕಿನ ಸಿಪಾಯಿಗೆ ಸಿಕ್ಕಿದ್ದು ಸಾರಾಯಿ ಮತ್ತು ಪೋರ್ಟರ್. ಪೇಲ್ ಏಲ್ ಸಾಹೇಬರ ಮೇಜಿನದು. ಬೇಗಂ ಬಜಾರಿನಿಂದ ಹೆಚ್ಚು ದೂರವಿಲ್ಲದ ಕೋಠಿಯಲ್ಲಿ, ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ರೆಸಿಡೆನ್ಸಿಯಲ್ಲಿ ಅಂಥ ಮೇಜುಗಳಿದ್ದವು; 1806ರಲ್ಲಿ ಹುಟ್ಟಿದ ಸಿಕಂದರಾಬಾದ್ ದಂಡಿನ ಆಫೀಸರ್ ಮೆಸ್ಸುಗಳಲ್ಲೂ ಇದ್ದವು. ಆಮೇಲೆ ಮಂಜುಗಡ್ಡೆ ಬಂತು, ತಣ್ಣನೆಯ ಲಾಗರ್ ಬಂತು. ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಥಾಮಸ್ ಲೀಷ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇಂಡಿಯಾ ಪೇಲ್ ಏಲ್ ಇಂಡಿಯಾದಲ್ಲೇ ಮರೆತುಹೋಯಿತು. ಅದನ್ನು ಎಬ್ಬಿಸಿದ್ದು ಅಮೆರಿಕ. ಅಲ್ಲಿನ ಕೃಷಿ ಇಲಾಖೆ ಆರೆಗಾನಿನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ಕ್ಯಾಸ್ಕೇಡ್ ಎಂಬ ತಳಿಯ ಹಾಪ್ಸನ್ನು 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ತನ್ನ ಲಿಬರ್ಟಿ ಏಲ್‌ಗೆ ಧಾರಾಳವಾಗಿ ಹಾಕಿತು. ಇಂಗ್ಲಿಷ್ ಹಾಪ್ಸಿನ ಮಣ್ಣು, ಚಹಾ, ಜೇನಿನ ವಾಸನೆಗೆ ಒಗ್ಗಿದ್ದ ಬಿಯರಿನಿಂದ ಏಕಾಏಕಿ ಚಕ್ಕೋತದ ವಾಸನೆ ಎದ್ದಿತು. ಇವತ್ತಿನ ಕ್ರಾಫ್ಟ್ ಐಪಿಎಗಳೆಲ್ಲ ಆ ಗಿಡದ ಟೊಂಗೆಗಳು.

ಈಗ ಅಂಗಡಿಗೆ ಬರೋಣ. ಬಾಗಿಲಿಗೆ ಅಡ್ಡವಾಗಿ ಬಾಯ್ತೆರೆದ ಚೀಲಗಳು, ಒಳಗೆ ಗಾದಿಯ ಮೇಲೆ ಸೇಠ್‌ಜಿ, ಹೊರಗೆ ಹಮಾಲರ ಕೈಗಾಡಿ ದಾರಿ ಕೊಡದೆ ಗಂಟೆ ಬಾರಿಸುತ್ತಿರುತ್ತದೆ. ಕೊತ್ತಂಬರಿ ಬೀಜದ ಚೀಲಕ್ಕೆ ಬಗ್ಗಿ ಮೂಸಿದ್ದನ್ನು ನೋಡಿ ಸೇಠ್‌ಜಿ ಹೇಳಿದರು: “ಐಸಾ ಸೂಂಘೇ ತೋ ನೈ ಮಾಲೂಮ್ ಹೋತಾ ಸಾಬ್, ಮಸಲ್‌ಕೇ ದೇಖೋ.” ಸುಮ್ಮನೆ ಮೂಸಿದರೆ ಗೊತ್ತಾಗದು, ಉಜ್ಜಿ ನೋಡಿ ಎಂದು. ಅವರೇ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಇನ್ನೊಂದು ಅಂಗೈಯಿಂದ ಒತ್ತಿ ತಿರುವಿ ಮುಂದೆ ಹಿಡಿದರು. ಹೊಟ್ಟಿನ ವಾಸನೆ ಹಾರಿಹೋಗಿ ಒಳಗಿನದು ಬಂತು: ಹೂವಿನ ಹಾಗೆ, ಕಿತ್ತಳೆ ಸಿಪ್ಪೆಯ ಹಾಗೆ, ತುದಿಯಲ್ಲಿ ಸ್ವಲ್ಪ ಸೋಪಿನ ಹಾಗೆ. ಯಾಕಿಮಾದಲ್ಲಿ ಸುಗ್ಗಿಯ ಕಾಲಕ್ಕೆ ಬ್ರೂವರುಗಳು ಹಾಪ್ಸ್ ಕೊಳ್ಳಲು ಹೋದಾಗ ಮಾಡುವುದೂ ಇಷ್ಟೇ. ಒಂದು ಹಿಡಿ ಹೂ ತೆಗೆದು ಅಂಗೈಗಳ ನಡುವೆ ಉಜ್ಜಿ, ಎರಡೂ ಕೈ ಬೊಗಸೆ ಮಾಡಿ ಅದರೊಳಗೆ ಮೂಗಿಡುತ್ತಾರೆ. ಲಕ್ಷಾಂತರ ಡಾಲರಿನ ವ್ಯಾಪಾರ ಆ ಬೊಗಸೆಯಲ್ಲಿ ತೀರ್ಮಾನವಾಗುತ್ತದೆ.

ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಲಿನಲೂಲ್ ಎಂಬ ವಸ್ತು. ಹಾಪ್ಸಿನಲ್ಲೂ ಅದಿದೆ, ಐಪಿಎಯ ಹೂವಿನಂಥ, ನಿಂಬೆಜಾತಿಯ ಘಮಕ್ಕೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಪಕ್ಕದ ಚೀಲದ ಗುಲಾಬಿ ಪಕಳೆಯಲ್ಲಿ ಜೆರಾನಿಯೋಲ್ ಇದೆ. ಅದೂ ಹಾಪ್ಸಿನಲ್ಲಿದೆ. ಇಲ್ಲೊಂದು ಸೊಗಸಾದ ಚಮತ್ಕಾರ ನಡೆಯುತ್ತದೆ: ಹುದುಗುವಾಗ ಯೀಸ್ಟ್ ಈ ಗುಲಾಬಿಯ ಜೆರಾನಿಯೋಲನ್ನು ಒಂದಿಷ್ಟು ತಿಂದು ಸಿಟ್ರೊನೆಲ್ಲೋಲ್ ಆಗಿ ಬದಲಿಸುತ್ತದೆ, ಅದರ ಘಮ ನಿಂಬೆಯ ಕಡೆಗೆ ವಾಲುತ್ತದೆ. ಜಪಾನಿನ ಸಪ್ಪೊರೊ ಕಂಪನಿಯ ಸಂಶೋಧಕರು 2010ರ ಸುಮಾರಿಗೆ ಇದನ್ನು ಬಿಡಿಸಿ ನೋಡಿದಾಗ ಸಿಟ್ರಾ ಎಂಬ ಹಾಪ್ಸ್ ತಳಿಯ ಜೊತೆಗೆ ಕೊತ್ತಂಬರಿ ಬೀಜವನ್ನೂ ಪರೀಕ್ಷೆಗೆ ತೆಗೆದುಕೊಂಡಿದ್ದರು. ಲಿನಲೂಲ್, ಜೆರಾನಿಯೋಲ್, ಸಿಟ್ರೊನೆಲ್ಲೋಲ್ ಮೂರೂ ಸೇರಿದಾಗ ಒಂದೊಂದಕ್ಕಿಲ್ಲದ ಹಣ್ಣಿನ ಘಮ ಏಳುತ್ತದೆ ಎಂದು ಅವರು ತೋರಿಸಿದರು. ಪೊಟ್ಲಿಯೊಳಗೆ ಕೊತ್ತಂಬರಿಗೂ ಗುಲಾಬಿಗೂ ಜೊತೆ ಹಾಕಿದ ಯಾವುದೋ ಕಾಲದ ಬಾವರ್ಚಿ ಇದನ್ನು ಪ್ರಯೋಗಾಲಯವಿಲ್ಲದೆ ತಿಳಿದಿದ್ದ.

ಮೆಣಸಿಗೆ ಬನ್ನಿ. ಕರಿಮೆಣಸಿನ ಖಾರ ಬೇರೆ, ಅದರ ಘಮ ಬೇರೆ. ಒಂದು ಕಾಳು ಒಡೆದು, ಖಾರ ಮೂಗಿಗೆ ಹತ್ತುವ ಮೊದಲಿನ ಕ್ಷಣದಲ್ಲಿ ಬರುವ ಕಟ್ಟಿಗೆಯಂಥ ಒಣವಾಸನೆ ಗಮನಿಸಿ. ಕ್ಯಾರಿಯೋಫಿಲೀನ್ ಎಂಬ ಎಣ್ಣೆ ಅದರಲ್ಲಿ ದೊಡ್ಡ ಪಾಲು. ಹಾಪ್ಸಿನಲ್ಲೂ ಅದು ಮುಖ್ಯವಾದದ್ದು. ಕೆಂಟ್ ಸೀಮೆಯ ಗೋಲ್ಡಿಂಗ್ಸ್ ಹಾಪ್ಸ್ ಹಾಕಿದ ಇಂಗ್ಲಿಷ್ ಐಪಿಎಯಲ್ಲಿ ಹಣ್ಣು ಹುಡುಕಿ ನಿರಾಶರಾಗುವವರು ಈ ಒಣಘಮ ಹುಡುಕಿದರೆ ಬಿಯರು ಬೇರೆಯೇ ಆಗಿ ಕಾಣುತ್ತದೆ. ಲವಂಗದ ಚೀಲದ ಮುಂದೆ ಮಾತ್ರ ಎಚ್ಚರ. ವೀಟ್ ಬಿಯರಿನಲ್ಲಿ ಬರುವ ಲವಂಗದ ವಾಸನೆ ಯೀಸ್ಟಿನದು, ಹಾಪ್ಸಿನದಲ್ಲ. ಐಪಿಎಯಲ್ಲಿ ಅದು ಬಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಜರ್ದಾಳು, ಅಂದರೆ ಖುಬಾನಿಯ ರಾಶಿ ಒಣಹಣ್ಣಿನ ಅಂಗಡಿಗಳಲ್ಲಿ. ಇದರ ಘಮವನ್ನು ಮೂಗಿನಲ್ಲಿ ಕೂಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಲಿರುವ ಮಬ್ಬು ಐಪಿಎಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ, ಅದೂ ಹಾಪ್ಸಿಗಿಂತ ಹೆಚ್ಚಾಗಿ ಯೀಸ್ಟಿನ ಕೊಡುಗೆಯಾಗಿ. ಪೂಜಾ ಸಾಮಾನಿನ ಅಂಗಡಿಯ ಧೂಪದ ರಾಳ ಇನ್ನೊಂದು ಪಾಠ. ಮೆನು ಕಾರ್ಡಿನ ಪೈನ್ ಎಂದರೆ ಪೈನ್ ಮರದ ಅಂಟು; ಕೆಂಡಕ್ಕೆ ಬೀಳದ ರಾಳದ ತಣ್ಣನೆಯ ವಾಸನೆ ಅದಕ್ಕೆ ಹತ್ತಿರ. ಇದಕ್ಕಿಂತ ಹತ್ತಿರದ್ದು ಬೇಸಿಗೆಯಲ್ಲಿ ಮನೆಯಲ್ಲೇ ಸಿಗುತ್ತದೆ: ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ. ಅದರಲ್ಲಿ ಮರ್ಸೀನ್ ಎಂಬ ಎಣ್ಣೆ ಇರುತ್ತದೆ. ಹಸಿ ಹಾಪ್ಸಿನ ಎಣ್ಣೆಯಲ್ಲಿ ಎಷ್ಟೋ ತಳಿಗಳಲ್ಲಿ ಮರ್ಸೀನಿನದೇ ಮೇಲುಗೈ. ಸಿಮ್‌ಕೋ ಎಂಬ ತಳಿಯ ಐಪಿಎ ಮೊದಲ ಸಲ ಮೂಸಿದಾಗ ನನಗೆ ಕಂಡದ್ದು ಪೈನ್ ಕಾಡಲ್ಲ, ಉಪ್ಪಿನಕಾಯಿಗೆ ಹೆಚ್ಚಲು ಗುಡ್ಡೆ ಹಾಕಿದ ಮಿಡಿಮಾವು.

ಎಲ್ಲವೂ ಒಣ ಚೀಲದಲ್ಲಿ ಸಿಗುವುದಿಲ್ಲ. ಗ್ರೇಪ್‌ಫ್ರೂಟ್ ಬದಲು ಚಕ್ಕೋತ ಹಿಡಿಯಿರಿ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ದಪ್ಪ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆಯೇ ಕ್ಯಾಸ್ಕೇಡ್ ಹಾಪ್ಸಿನ ಗುರುತು. ಪ್ಯಾಶನ್ ಫ್ರೂಟ್ ಬದಲು ಹಣ್ಣಾದ ಸೀಬೆ. ಇದಕ್ಕೆ ಕಾರಣ ಥಯೋಲ್ ಎಂಬ ಗಂಧಕದ ಸಂಯುಕ್ತಗಳು. ಅವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತವೆ, ಸ್ವಲ್ಪ ಹೆಚ್ಚಾದರೆ ಬೆಕ್ಕಿನ ಮೂತ್ರದ ನೆನಪು ತರುತ್ತವೆ. ಸೀಬೆಹಣ್ಣಿನ ಬುಟ್ಟಿ ಮುಚ್ಚಿದ ಕೋಣೆಯಲ್ಲಿಟ್ಟವರಿಗೆ ಈ ಎರಡು ವಾಸನೆಗಳ ನಡುವೆ ಎಷ್ಟು ತೆಳುವಾದ ಗೆರೆ ಇದೆ ಎಂದು ಗೊತ್ತು. ಆಸ್ಟ್ರೇಲಿಯಾದ ಗ್ಯಾಲಕ್ಸಿ, ನ್ಯೂಜಿಲೆಂಡಿನ ನೆಲ್ಸನ್ ಸಾವಿನ್, ಅಮೆರಿಕದ ಸಿಟ್ರಾ ಮತ್ತು ಮೊಸಾಯಿಕ್ ಈ ಹಣ್ಣಿನ ಗುಂಪಿನವು. ಇವುಗಳಲ್ಲಿ ಮೊಸಾಯಿಕ್ ತಂಟೆಕೋರ. 2012ರಲ್ಲಿ ಬಂದ ಈ ತಳಿ ಸಿಮ್‌ಕೋದ ಮಗಳು. ಕೆಲವು ಸುಗ್ಗಿಯಲ್ಲಿ ಮಾವು, ಕೆಲವು ಸುಗ್ಗಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಹಾಪ್ಸ್ ತಡವಾಗಿ ಕೊಯ್ದರೆ ಈರುಳ್ಳಿ ಹೆಚ್ಚುತ್ತದೆ ಎನ್ನುತ್ತಾರೆ. ಬೇಗಂ ಬಜಾರಿಗೆ ಅಂಟಿಕೊಂಡ ಉಸ್ಮಾನ್‌ಗಂಜ್ ಒಂದು ಕಾಲಕ್ಕೆ ಈರುಳ್ಳಿ ಮಂಡಿಗೆ ಹೆಸರಾಗಿತ್ತು; ಪಾಠಕ್ಕೆ ಅದೂ ಬೇಕಾಗುತ್ತಿತ್ತು.

ಮೂಗು ಇಷ್ಟು ತಯಾರಾದ ಮೇಲೆ ಗ್ಲಾಸುಗಳ ನಡುವಿನ ಜಾತಿಭೇದ ಸುಲಭ. ಇಂಗ್ಲಿಷ್ ಐಪಿಎ ತಾಮ್ರದ ಬಣ್ಣದ್ದು, ಮಾಲ್ಟಿನ ಬಿಸ್ಕತ್ತಿನಂಥ ರುಚಿ ಮುಂದೆ, ಹಾಪ್ಸ್ ಹಿಂದೆ. ಅಮೆರಿಕದ ಪಶ್ಚಿಮ ಕರಾವಳಿಯದು ತಿಳಿಹೊಂಬಣ್ಣ, ಕನ್ನಡಿಯಂತೆ ಸ್ವಚ್ಛ, ನಾಲಿಗೆ ಒಣಗಿಸುವ ಖಡಕ್ ಕಹಿ, ಚಕ್ಕೋತ ಮತ್ತು ರಾಳ. ಪೂರ್ವದ ವರ್ಮಾಂಟ್ ರಾಜ್ಯದಲ್ಲಿ ಜಾನ್ ಕಿಮಿಕ್ ತನ್ನ ಆಲ್ಕೆಮಿಸ್ಟ್ ಪಬ್ಬಿನಲ್ಲಿ ಮಾಡಿದ ಹೆಡಿ ಟಾಪರ್‌ನಿಂದ ಹೆಸರಾದದ್ದು ಮಬ್ಬು ಐಪಿಎ. 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಇದನ್ನು ಪ್ರತ್ಯೇಕ ಬಗೆಯೆಂದು ಒಪ್ಪಿತು. ನೋಡಲು ಹಣ್ಣಿನ ರಸದ ಹಾಗೆ. ಓಟ್ಸ್ ಮತ್ತು ಗೋಧಿ ಹಾಕಿ ನುಣುಪು ಮಾಡಿರುತ್ತಾರೆ. ಹಾಪ್ಸೆಲ್ಲ ಕೊನೆಯ ಕಂತಿನಲ್ಲಿ, ಲೀಟರಿಗೆ ಹತ್ತು ಗ್ರಾಮಿಗೂ ಮೇಲೆ ಬಿದ್ದಿರುತ್ತದೆ. ನೀರು ಕೂಡ ಬೇರೆ: ಖಡಕ್ ಐಪಿಎಗೆ ಜಿಪ್ಸಂ, ಮಬ್ಬಿನದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್. ಅದೇ ಸಿಟ್ರಾ ಹಾಪ್ಸ್ ಮೊದಲನೆಯದರಲ್ಲಿ ನಿಂಬೆಸಿಪ್ಪೆಯಾಗಿ ಕಚ್ಚುತ್ತದೆ, ಎರಡನೆಯದರಲ್ಲಿ ಮಾವಿನ ಹಣ್ಣಾಗಿ ಮೆತ್ತಗಾಗುತ್ತದೆ.

ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಮಬ್ಬಿನದು ಮೊದಲ ಅರ್ಧ ಗ್ಲಾಸಿಗೆ ಚೆಂದ. ಆಮೇಲೆ ಯಾರೋ ಸ್ಕ್ವಾಷ್ ಕೊಟ್ಟ ಹಾಗೆ ಬೇಸರ ಬರುತ್ತದೆ. ಪಶ್ಚಿಮದ ಖಡಕ್ಕಿಗೆ ಪೂರ್ತಿ ಗ್ಲಾಸಿನ ಆಯುಸ್ಸಿದೆ.

ಕನ್ನಡದ ನೆಲದಲ್ಲಿ ಈ ಹೋಲಿಕೆಗೆ ಬೆಂಗಳೂರೇ ಗತಿ, ಮತ್ತು ಬೆಂಗಳೂರು ಸಾಕು. ಮೈಕ್ರೋಬ್ರೂವರಿಗಳಿಗೆ ಕರ್ನಾಟಕ 2010ರಲ್ಲೇ ನಿಯಮ ಮಾಡಿತು. ಇಂದಿರಾನಗರದ ಟಾಯ್ಟ್, ವಿಠ್ಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಎಲ್ಲ ಅದರ ಹಿಂದೆಯೇ ಬಂದವು. ಐಪಿಎಯ ಮಟ್ಟಿಗೆ ಮುಖ್ಯವಾದದ್ದು 2012ರಲ್ಲಿ ಬಂದ ಅರ್ಬರ್ ಬ್ರೂಯಿಂಗ್ ಕಂಪನಿ. ಮಿಷಿಗನ್ನಿನ ಆ್ಯನ್ ಆರ್ಬರ್ ಊರಿನ ಬ್ರೂಪಬ್ಬಿನ ಹೆಸರು ಮತ್ತು ಕ್ರಮವನ್ನು ಮ್ಯಾಗ್ರಾತ್ ರಸ್ತೆಗೆ ತಂದವರು ಅವರು. ಅವರ ರೇಜಿಂಗ್ ಎಲಿಫೆಂಟ್ ಕುಡಿದೇ ಬೆಂಗಳೂರಿನ ಎಷ್ಟೋ ಮಂದಿ ಐಪಿಎ ಎಂದರೇನೆಂದು ತಿಳಿದರು. ಅದೇ ಸಂಸ್ಥೆ ಗೋವಾದಲ್ಲಿ ಮಾಡಿ ಕ್ಯಾನಿಗೆ ತುಂಬುವ ಬೀಚ್ ಶ್ಯಾಕ್ ಕೂಡ ಐಪಿಎ. ಹಳೆ ಮದ್ರಾಸ್ ರಸ್ತೆಯ ಹಿರಂಡಹಳ್ಳಿ ಕಡೆ ಬ್ರೂವರಿ ಇಟ್ಟಿರುವ ಗೀಸ್ಟ್‌ನವರ ಐಪಿಎ ಹೆಸರು ಕಾಮಸಿತ್ರ. ಹೆಸರಿನೊಳಗೆ ಸಿಟ್ರಾ ಹಾಪ್ಸ್ ಬಚ್ಚಿಟ್ಟಿದ್ದಾರೆ. ನಗು ಬರುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಗೀಸ್ಟ್‌ನವರದೇ ವಿಟಿ ವಿಟ್ ಸಿಕ್ಕರೆ ಪಕ್ಕದಲ್ಲಿಟ್ಟುಕೊಳ್ಳಿ. ಅದು ಬೆಲ್ಜಿಯಂ ಬಗೆಯ ಬಿಯರು; ಆ ಬಗೆಗೆ ಕೊತ್ತಂಬರಿ ಬೀಜವನ್ನೇ ಹಾಕುವುದು ವಾಡಿಕೆ. ಹಾಪ್ಸಿನಿಂದ ಬಂದ ಲಿನಲೂಲಿಗೂ ಕೊತ್ತಂಬರಿಯಿಂದ ಬಂದದ್ದಕ್ಕೂ ಇರುವ ನಂಟು ಆ ಎರಡು ಗ್ಲಾಸುಗಳ ನಡುವೆ ಚೆನ್ನಾಗಿ ಸಿಗುತ್ತದೆ.

ಹೋಲಿಸುವ ಕ್ರಮದ ಬಗ್ಗೆ ನಾಲ್ಕು ಮಾತು. ಬ್ರೂಪಬ್ಬುಗಳಲ್ಲಿ ಸ್ಯಾಂಪ್ಲರ್ ಎಂದು ಕೇಳಿದರೆ ಪುಟ್ಟ ಗ್ಲಾಸುಗಳ ಸಾಲು ಹಲಗೆಯ ಮೇಲೆ ಬರುತ್ತದೆ. ಕಹಿ ಕಡಿಮೆಯಿರುವುದರಿಂದ ಶುರು ಮಾಡಿ. ಮೊದಲು ಖಡಕ್ ಐಪಿಎ ಕುಡಿದರೆ ನಾಲಿಗೆ ಅದರಲ್ಲೇ ಸಿಕ್ಕಿಕೊಂಡು ಮುಂದಿನದೆಲ್ಲ ಸಪ್ಪೆಯಾಗುತ್ತದೆ. ಮಂಜುಗಟ್ಟಿಸಿದ ಮಗ್ ತಂದರೆ ವಾಪಸ್ ಕಳಿಸಿ. ಥಂಡಿಯಲ್ಲಿ ಎಣ್ಣೆಗಳು ಮೇಲೇಳುವುದಿಲ್ಲ. ಏಳೆಂಟು ಡಿಗ್ರಿಗೆ ಬಂದಾಗ ಐಪಿಎ ಬಾಯಿಬಿಡುತ್ತದೆ. ಗ್ಲಾಸು ತಿರುಗಿಸಿ, ಕುಡಿಯುವ ಮೊದಲು ಮೂಸಿ. ಮೊದಲ ಮೂಸಿಕೆಯಲ್ಲಿ ಬಂದದ್ದೇ ಬಹುಪಾಲು ಸರಿ, ಎರಡು ನಿಮಿಷದಲ್ಲಿ ಮೂಗು ಒಗ್ಗಿಹೋಗುತ್ತದೆ. ಆಗ ಸ್ವಂತ ಅಂಗೈಯನ್ನೊಮ್ಮೆ ಮೂಸಿ ಮತ್ತೆ ಗ್ಲಾಸಿಗೆ ಬರುವುದು ಕಸುಬಿನವರ ಉಪಾಯ. ಎಣ್ಣೆತಿಂಡಿ ದೂರವಿಟ್ಟು ಮಂಡಕ್ಕಿ ಪಕ್ಕದಲ್ಲಿಟ್ಟುಕೊಳ್ಳಿ.

ಕಾರ್ಡಿನಲ್ಲಿ ಐಬಿಯು ಎಂಬ ಅಂಕಿ ಇರುತ್ತದೆ, ಕಹಿಯ ಅಳತೆ. ಒಂದು ಲೀಟರಿನಲ್ಲಿ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಕಹಿವಸ್ತು ಕರಗಿದ್ದರೆ ಒಂದು ಐಬಿಯು. ನಮ್ಮ ಬಾಟಲಿ ಲಾಗರ್‌ಗಳಲ್ಲಿ ಹತ್ತು ಹದಿನೈದರ ಆಸುಪಾಸು, ಖಡಕ್ ಐಪಿಎಯಲ್ಲಿ 50ರಿಂದ 70. ಈ ಅಂಕಿಯನ್ನು ನಂಬಿ ಆರಿಸುವುದು ದಂಡ. ಮಾಲ್ಟಿನ ಸಿಹಿ ಎಷ್ಟು ಉಳಿದಿದೆ ಎಂಬುದರ ಮೇಲೆ ಅದೇ 50 ಒಂದರಲ್ಲಿ ಹಾಗಲಕಾಯಿ, ಇನ್ನೊಂದರಲ್ಲಿ ಮೆಂತ್ಯದ ಸೊಪ್ಪು. ಕಹಿ ಮತ್ತು ಒಗರನ್ನು ಬೇರೆ ಮಾಡಿ ನೋಡುವುದು ಇದಕ್ಕಿಂತ ಉಪಯೋಗದ ಕೆಲಸ. ಕಹಿ ನಾಲಿಗೆಯ ಮೇಲೆ ಬಂದು ಹೋಗುತ್ತದೆ. ಒಗರು ಕೆನ್ನೆಯ ಒಳಗೋಡೆಯನ್ನು ಹಿಡಿಯುತ್ತದೆ, ಗಂಟಲು ಕೆರೆಯುತ್ತದೆ. ಮಬ್ಬು ಐಪಿಎಯನ್ನು ಹಾಪ್ಸ್ ತಳಕ್ಕಿಳಿಯುವ ಮೊದಲೇ ಟ್ಯಾಪಿಗೆ ಹಚ್ಚಿದರೆ ಹೀಗಾಗುತ್ತದೆ. ಒಂದು ವಾರ ಬಿಟ್ಟಿದ್ದರೆ ಸರಿಹೋಗುತ್ತಿದ್ದ ಬಿಯರು ಅದು.

ಆದರೆ ಒಂದು ವಾರ ಕಾಯುವುದು ಬೇರೆ, ಮೂರು ತಿಂಗಳು ಕೂರಿಸುವುದು ಬೇರೆ. ಹಡಗಿನಲ್ಲಿ ಆರು ತಿಂಗಳು ಮಾಗುತ್ತಿದ್ದ ಬಿಯರಿನ ಮೊಮ್ಮಗನಿಗೆ ಆ ಆಯುಸ್ಸಿಲ್ಲ. ಕಹಿ ನಿಲ್ಲುತ್ತದೆ, ಘಮ ನಿಲ್ಲುವುದಿಲ್ಲ. ಕೆಲವೇ ವಾರಗಳಲ್ಲಿ ಹಣ್ಣೆಲ್ಲ ಇಳಿದು ಒದ್ದೆ ರಟ್ಟಿನ ವಾಸನೆ ಹತ್ತುತ್ತದೆ. ಹಾಪ್ಸೇ ಹಳತಾಗಿದ್ದರೆ ಚೀಸಿನ, ಬೆವರಿದ ಕಾಲುಚೀಲದ ವಾಸನೆ. ಹೊರದೇಶದಿಂದ ಬರುವ ಹಾಪ್ಸನ್ನು ಪುಡಿಮಾಡಿ, ಗುಳಿಗೆಯಾಗಿ ಒತ್ತಿ, ಗಾಳಿಯಾಡದ ಬೆಳ್ಳಿಬಣ್ಣದ ಪೊಟ್ಟಣದಲ್ಲಿ ಥಂಡಿಯಲ್ಲಿಡುವುದು ಈ ಕಾರಣಕ್ಕೆ. ಬಿಸಿಲು ತಾಗಿದ ಬಾಟಲಿಯದು ಇನ್ನೊಂದು ಕತೆ. ಬೆಳಕು ಕಹಿವಸ್ತುವನ್ನು ಒಡೆದು ನಾರುವ ಗಂಧಕದ ಸಂಯುಕ್ತ ಹುಟ್ಟಿಸುತ್ತದೆ, ಹಸಿರು ಬಾಟಲಿಯಲ್ಲಿ ಬೇಗ. ಕಂದು ಬಾಟಲಿ, ಕ್ಯಾನು ಸುರಕ್ಷಿತ. ಟ್ಯಾಪಿನ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಯಾವತ್ತು ಹಚ್ಚಿದಿರಿ? ಉತ್ತರ ಗೊತ್ತಿರುವ ಹುಡುಗ ಸಿಕ್ಕರೆ ಒಳ್ಳೆಯ ಬ್ರೂವರಿ ಎಂದುಕೊಳ್ಳಬಹುದು.

ಕೊನೆಗೆ ಊಟ. ಹೈದರಾಬಾದಿನಲ್ಲಿ ಕೂತವರು ಬಿರಿಯಾನಿ ತರಿಸುವುದು ಖಂಡಿತ, ಜೊತೆಗೆ ಮಿರ್ಚಿ ಕಾ ಸಾಲನ್. ಖಾರಕ್ಕೆ ಐಪಿಎ ಒಳ್ಳೆಯ ಜೋಡಿ ಎಂದು ಅಮೆರಿಕದವರು ಬರೆಯುತ್ತಾರೆ. ಅವರು ಕಂಡ ಖಾರ ಎಷ್ಟೆಂದು ನನಗೆ ಅನುಮಾನ. ಕಹಿಯೂ ಗುಳ್ಳೆಯೂ ಸೇರಿ ಉರಿಯನ್ನು ಎತ್ತಿ ಹಿಡಿಯುತ್ತವೆ, ಇಳಿಸುವುದಿಲ್ಲ. ಸಾಲನ್ ಬಿಟ್ಟು ಬರೀ ಬಿರಿಯಾನಿ ತಿಂದರೆ ಮಾತು ಬೇರೆ: ತುಪ್ಪದ ಜಿಡ್ಡನ್ನು ಖಡಕ್ ಐಪಿಎ ತೊಳೆಯುತ್ತದೆ, ಹುರಿದ ಈರುಳ್ಳಿಯ ಕಂದುಸಿಹಿಗೆ ಇಂಗ್ಲಿಷ್ ಐಪಿಎಯ ಮಾಲ್ಟ್ ಹೊಂದುತ್ತದೆ, ಪುದೀನಕ್ಕೂ ಹಾಪ್ಸಿಗೂ ಹೇಗೂ ಜಗಳವಿಲ್ಲ. ಮಬ್ಬಿನದನ್ನು ಖುಬಾನಿ ಕಾ ಮೀಠಾ ಬರುವವರೆಗೆ ಮುಟ್ಟದೆ ಇಟ್ಟುಕೊಳ್ಳಿ. ಜರ್ದಾಳುವಿನ ಮೇಲೆ ಜರ್ದಾಳು, ಜೊತೆಗೆ ಮಲಾಯಿಯ ನುಣುಪಿಗೆ ಓಟ್ಸಿನ ನುಣುಪು. ಸ್ಕ್ವಾಷ್ ಎಂದು ನಾನು ಬೈದ ಬಿಯರಿಗೆ ಅಲ್ಲಿ ಕೆಲಸ ಸಿಗುತ್ತದೆ.